ಅಳಿವೆಯನ್ನು ಕಾಯುವವರಾರು?

ಹಿರಿಯರಿಂದ ಬಂದ ಸೊತ್ತಿನಲ್ಲಿ ಎರಡು ಬಗೆ. ಹಂಚಿಕೊಂಡರೂ ಉಳಿಯತಕ್ಕದ್ದು ಒಂದು. ಹಂಚಿದೊಡನೆಯೇ ಅಳಿಯತಕ್ಕದ್ದು ಇನ್ನೊಂದು. ಪಾತ್ರೆ ಪದಾರ್ಥ, ಬಂಗಾರ, ತೋಟದ ಮರಗಳು ಮೊದಲನೆಯ ಬಗೆಯವು. ಅಣ್ಣತಮ್ಮಂದಿರು ಅವನ್ನು ಪಾಲುಮಾಡಿಕೊಂಡು ತಂತಮ್ಮ ಭಾಗವನ್ನು ಕಾದುಕೊಳ್ಳಬಹುದು. ಊರಿನ ಕೆರೆ, ದೇವರಕಾಡು, ಹೊಳೆಯ ಬಾಯಿ ಮೊದಲಾದವು ಹೀಗೆ ಪಾಲಿಗೆ ಬಗ್ಗವು. ಅವು ಎಲ್ಲರಿಗೂ ಸೇರಿದವು. ಆದುದರಿಂದಲೇ ಯಾರೊಬ್ಬರಿಗೂ ಸೇರದವುಗಳಂತೆ ತೋರುವುವು. ಎಲ್ಲರದೂ ಆದ ವಸ್ತುವನ್ನು ಕಾಯುವ ಹೊಣೆ ಯಾರದು? ಪ್ರಶ್ನೆಯು ಬಹಳ ಹಳೆಯದು. ಅದರ ಉತ್ತರವನ್ನು ಬರಿಯ ತರ್ಕದಲ್ಲಿ ಹುಡುಕುವುದಕ್ಕಿಂತ ಒಂದು ನೆಲದ ಚರಿತ್ರೆಯಲ್ಲಿ ಹುಡುಕುವುದು ಮೇಲು. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯ ಅಳಿವೆಯು ಅಂತಹದೊಂದು ನೆಲ.

ನದಿಯು ಕಡಲನ್ನು ಕೂಡುವ ಸ್ಥಳವನ್ನು ಕರಾವಳಿಯ ಜನರು ಅಳಿವೆಯೆಂದು ಕರೆಯುವರು. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ಘಟ್ಟದ ಕಾಡುಗಳ ನಡುವೆ ಇಳಿದುಬರುವ ಅಘನಾಶಿನಿಯು ಕುಮಟಾ ತಾಲೂಕಿನ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ದಾರಿಯಲ್ಲಿ ಅದನ್ನು ತಡೆದು ನಿಲ್ಲಿಸುವ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹೀಗಾಗಿ ಮಳೆಗಾಲದ ಸಿಹಿನೀರು, ಬೇಸಗೆಯ ಉಪ್ಪುನೀರು, ನಿತ್ಯದ ಭರತ ಇಳಿತಗಳು ಇಲ್ಲಿ ತಮ್ಮ ಸರದಿಯನ್ನು ತಪ್ಪದೆ ನಡೆಯಿಸುತ್ತವೆ. ಕಾಂಡ್ಲಾ ಗಿಡಗಳ ಬೇರುಗಳ ಮರೆಯಲ್ಲಿ ಮೀನಿನ ಮರಿಗಳು ಬೆಳೆಯುತ್ತವೆ. ಏಡಿ, ಸಿಗಡಿ, ಚಿಪ್ಪಿನ ಜೀವಿಗಳು ಕೆಸರಿನಲ್ಲಿ ನೆಲೆಸುತ್ತವೆ. ಅವನ್ನು ನೆಚ್ಚಿ ಹಕ್ಕಿಗಳು ಬರುತ್ತವೆ, ಮನುಷ್ಯರೂ ಬಾಳುತ್ತಾರೆ.

ಈ ಉಪ್ಪುನೀರಿನ ಅಂಚಿನಲ್ಲಿರುವ ಗದ್ದೆಗಳಿಗೆ ಗಜನಿಯೆಂದು ಹೆಸರು. ಹೊಳೆಯ ನೀರು ಒಳಗೆ ನುಗ್ಗದಂತೆ ಹಿಂದಿನವರು ಮಣ್ಣಿನ ಒಡ್ಡುಗಳನ್ನು ಹಾಕಿ, ನೀರಿನ ಹೋಗುಬರುವಿಕೆಗೆ ನಡುನಡುವೆ ಬಾಗಿಲುಗಳನ್ನಿಟ್ಟರು. ಮಳೆಯು ಮಣ್ಣಿನ ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗವೆಂಬ ಬತ್ತವನ್ನು ಬಿತ್ತುವರು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಗುಣ ಆ ತಳಿಗೆ ಉಂಟು. ಅದಕ್ಕೆ ಗೊಬ್ಬರವೂ ಬೇಡ, ಔಷಧವೂ ಬೇಡ. ಕೊಯ್ಲಾದ ಬಳಿಕ ಬಾಗಿಲನ್ನು ತೆರೆದರೆ ಭರತದ ನೀರಿನೊಡನೆ ಮೀನೂ ಸಿಗಡಿಯೂ ಒಳಗೆ ಬಂದು, ಕೊಳೆಯುವ ಕೂಳೆಯ ಆಶ್ರಯದಲ್ಲಿ ಬೆಳೆಯುವುವು. ಒಂದೇ ನೆಲ, ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ಇಷ್ಟನ್ನು ಕೇಳಿದವರು ನಿಸರ್ಗದ ಔದಾರ್ಯವನ್ನು ಹೊಗಳಿ ಸುಮ್ಮನಾಗುವುದುಂಟು. ಪರಂತು ಇಲ್ಲಿಯ ಫಲವು ಕೇವಲ ನಿಸರ್ಗದ ದಾನವಲ್ಲ. ಮಣ್ಣಿನ ಒಡ್ಡು ವರ್ಷವರ್ಷವೂ ಸವೆಯುವಂತಹದು. ಅದನ್ನು ವರ್ಷವರ್ಷವೂ ದುರಸ್ತಿ ಮಾಡಬೇಕು. ಒಬ್ಬನು ತನ್ನ ಗದ್ದೆಯ ಎದುರಿನ ಒಡ್ಡನ್ನು ಅಲಕ್ಷಿಸಿದರೆ ಉಪ್ಪುನೀರು ಅವನ ಗದ್ದೆಯಲ್ಲಿಯೇ ನಿಲ್ಲುವುದಿಲ್ಲ. ಇಡಿಯ ಗಜನಿಯನ್ನು ಕೆಡಿಸುತ್ತದೆ. ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಸಹ ಒಬ್ಬನೇ ನಿಶ್ಚಯಿಸುವಂತಿಲ್ಲ. ಹೀಗಾಗಿ ನೆಲವು ಬೇರೆಬೇರೆ ಹೆಸರಿನಲ್ಲಿದ್ದರೂ ಒಡ್ಡು ಎಲ್ಲರ ಹೆಸರಿನಲ್ಲಿತ್ತು. ನೆರೆಯವನ ಸೋಮಾರಿತನವು ತನ್ನ ಅನ್ನಕ್ಕೆ ಮುಳುವಾಗುವಲ್ಲಿ, ಸಹಕಾರವು ಉಪದೇಶದ ವಿಷಯವಾಗಿರದೆ ಜೀವನದ ನಿಯಮವೇ ಆಗುತ್ತದೆ.

1970ರ ದಶಕದ ಸುಮಾರಿಗೆ ಸರಕಾರವು ಈ ಕಷ್ಟವನ್ನು ಕಂಡು, ಮಣ್ಣಿನ ಒಡ್ಡುಗಳ ಬದಲಿಗೆ ಕಲ್ಲಿನ ಭದ್ರವಾದ ಒಡ್ಡುಗಳನ್ನು ಕಟ್ಟಿಸತೊಡಗಿತು. ಉದ್ದೇಶವು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ರೈತನ ಬೆವರು ಉಳಿಯಿತು, ಒಡ್ಡು ಗಟ್ಟಿಯಾಯಿತು. ಆದರೆ ಒಡ್ಡು ಗಟ್ಟಿಯಾದಂತೆ ಅದನ್ನು ಕಾಯುತ್ತಿದ್ದ ಕೂಟವು ಸಡಿಲಾಯಿತು. ದುರಸ್ತಿಯು ಇನ್ನು ಸರಕಾರದ ಕೆಲಸವೆಂದು ಜನರು ಬಗೆದರು. ಸರಕಾರಕ್ಕಾದರೋ ಪ್ರತಿಯೊಂದು ಬಿರುಕನ್ನೂ ಪ್ರತಿವರ್ಷವೂ ನೋಡುವ ಕಣ್ಣುಗಳಿರಲಿಲ್ಲ. ಬರಬರುತ್ತ ಅನೇಕ ಗಜನಿಗಳಲ್ಲಿ ಬಾಗಿಲಿನ ಅಧಿಕಾರವು ಸಿಗಡಿಯ ಗುತ್ತಿಗೆದಾರರ ಕೈ ಸೇರಿತು. ವರ್ಷವಿಡೀ ಉಪ್ಪುನೀರು ನಿಂತಲ್ಲಿ ಕಗ್ಗಕ್ಕೆ ಎಡೆಯೆಲ್ಲಿ? ಒಡ್ಡಿನ ಬುಡದ ಕಾಂಡ್ಲಾ ಗಿಡಗಳೂ ಹಲವೆಡೆ ನಾಶವಾದುವು. 1990ರ ದಶಕದಲ್ಲಿ ಸಿಗಡಿಗೆ ಬಿಳಿಚುಕ್ಕೆಯ ರೋಗವು ತಗಲಿದಾಗ, ಬೇಗನೆ ಬಂದ ಹಣವು ಅಷ್ಟೇ ಬೇಗನೆ ಹೋಯಿತು. ಅಷ್ಟರಲ್ಲಿ ಬಹಳ ಮನೆಗಳಲ್ಲಿ ಕಗ್ಗದ ಬೀಜವೇ ಇರಲಿಲ್ಲ.

ಇಲ್ಲಿ ನಷ್ಟವಾದುದು ಯಾವುದು? ಕಲ್ಲು ಇದ್ದಲ್ಲಿಯೇ ಇತ್ತು, ನೆಲವೂ ಇತ್ತು, ಹಕ್ಕುಪತ್ರಗಳೂ ಇದ್ದುವು. ಹೋದದ್ದು ಒಟ್ಟುಗೂಡಿ ದುಡಿಯುವ ರೂಢಿ. ಕಣ್ಣಿಗೆ ಕಾಣುವ ಒಡ್ಡಿನ ಒಳಗೆ ಕಾಣದಿರುವ ಇನ್ನೊಂದು ಒಡ್ಡು ಇತ್ತು. ಅದು ಒಡೆದುದನ್ನು ಯಾವ ಇಲಾಖೆಯೂ ತನ್ನ ದಫ್ತರದಲ್ಲಿ ಬರೆದುಕೊಳ್ಳಲಿಲ್ಲ. ಕಷ್ಟವನ್ನು ತೆಗೆದುಹಾಕುವ ಉಪಕಾರವು ಕಷ್ಟದೊಡನೆ ಹೊಣೆಯನ್ನೂ ತೆಗೆದುಹಾಕಿದರೆ, ಅದು ಉಪಕಾರವಾಗಿ ಉಳಿಯದು.

ಹಾಗೆಂದು ಹಿಂದಿನ ಕಾಲವನ್ನು ಸತ್ಯಯುಗವೆಂದು ಭಾವಿಸುವುದು ಸರಿಯಲ್ಲ. ಮೊಣಕಾಲು ಮುಳುಗುವ ಕೆಸರಿನಲ್ಲಿ ದುಡಿದವರೆಲ್ಲರಿಗೂ ಫಲದಲ್ಲಿ ಸಮನಾದ ಪಾಲು ಇರಲಿಲ್ಲ. ಒಡೆಯನ ಕಣಜವನ್ನು ತುಂಬಿದ ಗೇಣಿದಾರನು ತಾನು ಗಂಜಿಗಾಗಿ ಪರದಾಡಿದ ದಿನಗಳೂ ಆ ಹಳೆಯ ಸಹಕಾರದ ಭಾಗವೇ ಆಗಿದ್ದುವು. ಆದುದರಿಂದ ಹಳೆಯ ಕೂಟವನ್ನು ಇದ್ದಕ್ಕಿದ್ದಂತೆ ಮರಳಿ ತರುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಅದರಿಂದ ಕಲಿಯಬೇಕಾದುದು ಒಂದೇ: ದುಡಿಮೆಯಲ್ಲಿ ಪಾಲಿರುವವರಿಗೆ ಮಾತ್ರವೇ ವಸ್ತುವಿನ ಮೇಲೆ ಕಣ್ಣಿರುತ್ತದೆ. ಅದಕ್ಕೆ ಈ ಕಾಲವು ಸೇರಿಸಬೇಕಾದುದೂ ಒಂದೇ: ದುಡಿಮೆಯಲ್ಲಿ ಪಾಲಿರುವವರಿಗೆ ಫಲದಲ್ಲಿಯೂ ನಿರ್ಣಯದಲ್ಲಿಯೂ ಪಾಲಿರಬೇಕು.

ಈ ಮಾತು ಗಜನಿಯ ಒಡೆಯರಿಗಿಂತ ಹೆಚ್ಚಾಗಿ ನೆಲವೇ ಇಲ್ಲದವರಿಗೆ ಅನ್ವಯಿಸುತ್ತದೆ. ಇಳಿತದ ಸಮಯದಲ್ಲಿ ಹೊಳೆಯ ತಳದಿಂದ ಬಳಚು ಮೊದಲಾದ ಚಿಪ್ಪಿನ ಜೀವಿಗಳನ್ನು ಆಯ್ದು ಬದುಕುವ ಹೆಂಗಸರೂ ಗಂಡಸರೂ ಇಲ್ಲಿ ಬಹು ಮಂದಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಮಾಡಿದ ಲೆಕ್ಕದಂತೆ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿನ ಜೀವಿಗಳು ದೊರೆಯುತ್ತಿದ್ದು, ಎರಡು ಸಾವಿರಕ್ಕೂ ಮಿಕ್ಕ ಜನರು ಅವನ್ನು ಆಯುವ ಕೆಲಸದಲ್ಲಿದ್ದರು. ಇವರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲದಿರಬಹುದು. ಆದರೂ ಕೆಸರಿನ ಮೆದು, ನೀರಿನ ಉಪ್ಪು, ಭರತದ ವೇಳೆ ಇವರಿಗೆ ತಿಳಿದಿರುವಷ್ಟು ಇನ್ನಾರಿಗೂ ತಿಳಿದಿರಲಾರದು. ಹಕ್ಕುಪತ್ರವನ್ನು ತಂದವರಿಗೆ ಮಾತ್ರ ಮಾತಿನ ಅಧಿಕಾರವೆಂದಾದರೆ ಅಳಿವೆಯನ್ನು ಅತ್ಯಂತ ಚೆನ್ನಾಗಿ ಬಲ್ಲವರೇ ಹೊರಗುಳಿಯುವರು.

ಸಮುದ್ರಕ್ಕೆ ಹರಿದುಹೋಗುವ ನೀರು ವ್ಯರ್ಥವೆಂಬ ಮಾತು ಬಯಲುಸೀಮೆಯ ಬಾಯಾರಿಕೆಯಿಂದ ಹೊರಟದ್ದು, ಅದನ್ನು ತಿರಸ್ಕರಿಸಲಾಗದು. ಆದರೆ ನೆರೆಯ ಶರಾವತಿಯ ಅನುಭವವನ್ನೂ ಇದರೊಡನೆ ತೂಗಬೇಕು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಬಳಿಕ, ವಿದ್ಯುತ್ತನ್ನು ಉತ್ಪಾದಿಸಿ ಬಿಡುವ ಸಿಹಿನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಇಳಿಯತೊಡಗಿ, ಅಲ್ಲಿಯ ಉಪ್ಪಿನ ಪ್ರಮಾಣವು ತಗ್ಗಿತು. ಉಪ್ಪನ್ನು ಬಯಸುವ ಚಿಪ್ಪಿನ ಜೀವಿಗಳು ಕ್ಷೀಣಿಸಿದುವು. ನಾಡಿಗೆ ದೀಪವು ಬಂದುದು ನಿಜ; ಅದರ ಬೆಲೆಯನ್ನು ತೆತ್ತವರಲ್ಲಿ ಹೊಳೆಯ ಬಾಯಿಯಲ್ಲಿದ್ದವರೂ ಸೇರಿದ್ದರೆಂಬುದೂ ನಿಜ. ಲೆಕ್ಕದಲ್ಲಿ ಒಂದು ಕಡೆಯನ್ನು ಮಾತ್ರ ಬರೆದಿಡುವುದು ವ್ಯಾಪಾರಕ್ಕೂ ಸಲ್ಲದು, ಧರ್ಮಕ್ಕೂ ಸಲ್ಲದು.

ಅಳಿವೆಯ ದಡದಲ್ಲಿ ಇನ್ನೊಂದು ಬಗೆಯ ಪರಂಪರೆಯೂ ಉಂಟು. ಚಿರೇಕಲ್ಲಿನ ಮಿರ್ಜಾನ ಕೋಟೆಯು, 1552ರಿಂದ 1606ರ ವರೆಗೆ ಆಳಿ, ಪೋರ್ಚುಗೀಜರಿಂದ ಮೆಣಸಿನ ರಾಣಿಯೆನ್ನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರನ್ನು ನೆನಪಿಗೆ ತರುತ್ತದೆ. ಘಟ್ಟದ ಮೆಣಸು ಹೊಳೆಯ ದಾರಿಯಿಂದ ಕಡಲಿಗೆ ಇಳಿಯುತ್ತಿತ್ತು. ಹೊಳೆಯಿಲ್ಲದೆ ಕೋಟೆಗೆ ಅರ್ಥವಿಲ್ಲ. ಕೋಟೆಯು ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅದು ಯೋಗ್ಯವೇ. ಗೋಡೆಯನ್ನು ಬೇಲಿಯಿಂದಲೂ ಕಾವಲುಗಾರನಿಂದಲೂ ಕಾಯಬಹುದು. ಕಗ್ಗದ ಬೀಜವನ್ನು ಹಾಗೆ ಕಾಯಲಾಗದು. ಅದು ಬಿತ್ತಿದರೆ ಮಾತ್ರ ಉಳಿಯುತ್ತದೆ. ಎರಡು ಮೂರು ವರ್ಷ ಬಿತ್ತದೆ ಬಿಟ್ಟರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನೂರಾರು ವರ್ಷಗಳ ಆಯ್ಕೆಯಿಂದ ಬಂದ ಆ ಬೀಜವೂ ಚರಿತ್ರೆಯೇ ಅಲ್ಲವೆ? ಗಜನಿಯ ಒಡ್ಡು ನಿಸರ್ಗವೋ ಇತಿಹಾಸವೋ ಎಂದು ಯಾರು ವಿಂಗಡಿಸಬಲ್ಲರು? ಹೀಗಿರುವಾಗ ಒಂದನ್ನು ಒಬ್ಬರ ವಶಕ್ಕೂ ಇನ್ನೊಂದನ್ನು ಮತ್ತೊಬ್ಬರ ವಶಕ್ಕೂ ಒಪ್ಪಿಸಿ, ಜನರನ್ನು ನೋಡುವವರನ್ನಾಗಿ ನಿಲ್ಲಿಸಿದರೆ ಎರಡೂ ಬಡವಾಗುವುವು.

ಪಾಲುಗಾರಿಕೆಯು ಸತ್ತೇಹೋಗಿಲ್ಲವೆಂಬುದಕ್ಕೆ ಸಾಕ್ಷಿಗಳುಂಟು. 2000ದ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವನ್ನು ಕಟ್ಟುವ ಪ್ರಸ್ತಾಪ ಬಂದಾಗ ಮೀನುಗಾರರೂ ರೈತರೂ ವಿಜ್ಞಾನಿಗಳೂ ಒಟ್ಟಾಗಿ ವಿರೋಧಿಸಿದರು, ಪ್ರಸ್ತಾಪವು ಕೈಬಿಟ್ಟುಹೋಯಿತು. ಮಾಣಿಕಟ್ಟದಂತಹ ಊರುಗಳ ರೈತರು ಕೂಡುಬೇಸಾಯದಿಂದ ಕಗ್ಗದ ಬೀಜವನ್ನು ಉಳಿಸಿಕೊಂಡರು. ಅರಣ್ಯ ಇಲಾಖೆಯವರು ಊರವರ ನೆರವಿನಿಂದ ಕಾಂಡ್ಲಾ ಸಸಿಗಳನ್ನು ನೆಡಿಸಿದರು. ಆದರೆ ವಿರೋಧಿಸುವುದಕ್ಕೆ ಕೂಡುವುದು ಸುಲಭ. ಶತ್ರುವು ಎದುರಿಗೆ ಕಾಣುತ್ತಾನೆ. ಪ್ರತಿವರ್ಷ ಕೆಸರು ಹೊರುವುದಕ್ಕೆ ಕೂಡುವುದು ಕಠಿನ. ಅಲ್ಲಿ ಶತ್ರುವು ತಮ್ಮೊಳಗಿನ ಆಲಸ್ಯವೇ ಆಗಿರುತ್ತದೆ.

2024ರಲ್ಲಿ ಈ ಅಳಿವೆಯ 4,801 ಹೆಕ್ಟೇರು ಪ್ರದೇಶವು ರಾಮ್ಸರ್ ಒಪ್ಪಂದದ ಪಟ್ಟಿಯಲ್ಲಿ ಸೇರಿತು. 1971ರಲ್ಲಿ ಇರಾನ್ ದೇಶದ ರಾಮ್ಸರ್ ಎಂಬಲ್ಲಿ ರಾಷ್ಟ್ರಗಳು ಮಾಡಿಕೊಂಡ ಈ ಒಪ್ಪಂದವು ಜೌಗುನೆಲಗಳ ಬಳಕೆಯನ್ನು ನಿಷೇಧಿಸುವುದಿಲ್ಲ, ವಿವೇಕದಿಂದ ಬಳಸಬೇಕೆನ್ನುತ್ತದೆ. ಈ ತತ್ತ್ವವು ಉಚಿತವಾದುದು, ಗಜನಿಯ ಹಳಬರಿಗೆ ಹೊಸದಲ್ಲದುದು. ಗೌರವವು ಸಂತೋಷದ ವಿಷಯವೇ. ಆದರೆ ಅಳಿವೆಯು ಇನ್ನು ಲೋಕದ ಪಟ್ಟಿಯಲ್ಲಿದೆ, ಲೋಕವೇ ಅದನ್ನು ಕಾಯುವುದು ಎಂದು ದಡದವರು ನಿಶ್ಚಿಂತರಾದರೆ, ಅಥವಾ ಇನ್ನು ದಡದವರನ್ನು ಕೇಳುವ ಕಾರಣವಿಲ್ಲವೆಂದು ಅಧಿಕಾರಿಗಳು ತಿಳಿದರೆ, ಆ ಪಟ್ಟಿಯು ಕಲ್ಲಿನ ಇನ್ನೊಂದು ಒಡ್ಡು ಆಗುವುದು.

ಹಾಗಾದರೆ ಎಲ್ಲರದೂ ಆದ ವಸ್ತುವನ್ನು ಕಾಯುವವರಾರು? ಸರಕಾರವೆಂದರೆ ಅದು ಅರ್ಧ ಉತ್ತರ; ಜನರೆಂದರೆ ಅದೂ ಅರ್ಧವೇ. ಸರಕಾರಕ್ಕೆ ಬಲವಿದೆ, ನಿತ್ಯದ ಕಣ್ಣಿಲ್ಲ. ಜನರಿಗೆ ಕಣ್ಣಿದೆ, ಬಲವಾದ ಗುತ್ತಿಗೆದಾರನನ್ನು ತಡೆಯುವ ಕೈಯಿಲ್ಲ. ಕಲ್ಲನ್ನು ಸರಕಾರವು ಕೊಡಲಿ; ಅದನ್ನು ಇಡುವ ಕೆಲಸದಲ್ಲಿ ಗಜನಿಯ ರೈತರಿರಲಿ; ಬಾಗಿಲನ್ನು ತೆರೆಯುವ ಮುಚ್ಚುವ ನಿರ್ಣಯದಲ್ಲಿ ಬಳಚು ಆಯುವ ಹೆಂಗಸಿನ ಮಾತೂ ಇರಲಿ. ಕೂಡಿ ಮಾಡಿದ್ದನ್ನು ಮಾತ್ರ ಮನುಷ್ಯರು ಕೂಡಿ ಕಾಯುವರು. ತಮ್ಮ ಕೈಯ ಕೆಸರು ತಾಗದ ಒಡ್ಡು ಎಷ್ಟು ಗಟ್ಟಿಯಾಗಿದ್ದರೂ ಪರರದು. ಪರರ ಒಡ್ಡಿನಲ್ಲಿ ಬಿರುಕು ಬಿಟ್ಟರೆ ಯಾರೂ ರಾತ್ರಿಯಲ್ಲಿ ಎದ್ದು ಹೋಗುವುದಿಲ್ಲ.