ನಾಲ್ಕು ಅಕ್ಷರಗಳ ಹೊಣೆ

ಚಿತ್ರದುರ್ಗದ ಬಳಿಯ ಭೀಮಸಮುದ್ರಕ್ಕೆ ನೀವು ಹೋಗಿದ್ದರೆ ಅಲ್ಲಿನ ದೊಡ್ಡ ಕೆರೆಯನ್ನೂ ಅಡಿಕೆಯ ವಹಿವಾಟನ್ನೂ ಕಂಡಿರುತ್ತೀರಿ. ಆ ಊರಿನ ಬೆಳೆಗಾರರೊಬ್ಬರು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಪ್ರೇರಣೆ. ಅವರ ಮಗಳು ಬೆಂಗಳೂರಿನಲ್ಲಿ ಜೀವವಿಜ್ಞಾನ ಓದುತ್ತಿದ್ದಾಳೆ. ಕಣದಲ್ಲಿ ಹರವಿದ್ದ ಬೇಯಿಸಿದ ಅಡಿಕೆಯನ್ನು ತಿರುವಿ ಹಾಕುತ್ತ ಅವರೆಂದರು: "ಡಿಎನ್‌ಎನ ಲ್ಯಾಬಲ್ಲೇ ಬರೀತಾರಂತೆ ಸಾರ್. ದೇವರು ಬರೆದಿದ್ದರ ಮೇಲೆ ನಾವು ಬರೆಯೋದು ಸರೀನಾ?" ಸರಳವಾದ ಪ್ರಶ್ನೆ. ಉತ್ತರ ಅಷ್ಟು ಸರಳವಲ್ಲ.

ಮೊದಲು ಈ ಬರವಣಿಗೆ ಎಂತಹದೆಂದು ತಿಳಿಯೋಣ. ಡಿಎನ್‌ಎ ಎಂಬ ಅಣುವಿನಲ್ಲಿ ಎ, ಟಿ, ಜಿ, ಸಿ ಎಂದು ನಾವು ಗುರುತಿಸುವ ನಾಲ್ಕೇ ಘಟಕಗಳಿವೆ. ಎ ಟಿಯೊಡನೆ, ಜಿ ಸಿಯೊಡನೆ ಜೋಡಿಯಾಗುತ್ತದೆ. ಈ ಘಟಕಗಳನ್ನು ರಾಸಾಯನಿಕ ಕ್ರಿಯೆಯಿಂದ ಒಂದೊಂದಾಗಿ ಪೋಣಿಸಿ, ಬೇಕಾದ ಕ್ರಮದ ಎಳೆಯನ್ನು ತಯಾರಿಸಬಹುದು. ಇದರ ಹಾದಿ ತೆರೆದವರಲ್ಲಿ ಹರಗೋಬಿಂದ ಖೊರಾನಾ ಪ್ರಮುಖರು. ಅವಿಭಜಿತ ಪಂಜಾಬಿನ ರಾಯ್‌ಪುರವೆಂಬ ಪುಟ್ಟ ಹಳ್ಳಿಯಲ್ಲಿ ಹುಟ್ಟಿ, 1968ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅವರು, 1970ರಲ್ಲಿ ತಮ್ಮ ತಂಡದೊಡನೆ 77 ಜೋಡಿಗಳ ಒಂದು ಜೀನನ್ನು ಪ್ರಯೋಗಾಲಯದಲ್ಲೇ ರಚಿಸಿದರು. ಅಂದು ವರ್ಷಗಳನ್ನು ಬೇಡಿದ ಆ ಕೆಲಸವನ್ನು ಇಂದು ಯಂತ್ರಗಳು ಮಾಡುತ್ತವೆ. ಎಳೆಗಳು ಅಂಚೆಯಲ್ಲಿ ಬರುತ್ತವೆ.

ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಮತ್ತು ಅವರ ಸಂಗಡಿಗರು 2009ರಲ್ಲಿ ಡಿಎನ್‌ಎ ಎಳೆಗಳಿಂದಲೇ ಅತಿಸೂಕ್ಷ್ಮವಾದ ಒಂದು ಸಾಧನವನ್ನು ಕಟ್ಟಿದರು. ಸುತ್ತಲಿನ ಆಮ್ಲೀಯತೆ ಹೆಚ್ಚಿದಾಗ ಅದು ಮಡಚಿಕೊಳ್ಳುತ್ತದೆ. ಮಡಚಿದಾಗ ಅದರಿಂದ ಹೊಮ್ಮುವ ಬೆಳಕಿನ ಬಣ್ಣ ಬದಲಾಗುತ್ತದೆ. ಜೀವಂತ ಕೋಶದ ಒಳಗೆ ಇಳಿದು ಅಲ್ಲಿನ ಆಮ್ಲೀಯತೆಯನ್ನು ಅದು ತಿಳಿಸಿತು. ಮುಂದೆ ಷಿಕಾಗೋ ವಿಶ್ವವಿದ್ಯಾಲಯಕ್ಕೆ ತೆರಳಿದ ಅವರ ತಂಡ, ಇಂಥದೇ ಮತ್ತೊಂದು ಸಾಧನದಿಂದ, ಕೋಶದ ಕಸ ಕರಗಿಸುವ ಲೈಸೋಸೋಮ್‌ಗಳು ಕೆಡುವ ಕಾಯಿಲೆಗಳಲ್ಲಿ ಅವುಗಳೊಳಗಿನ ಕ್ಲೋರೈಡ್ ಕುಗ್ಗುವುದನ್ನು 2017ರಲ್ಲಿ ತೋರಿಸಿತು. ಇಲ್ಲಿ ಡಿಎನ್‌ಎ ವಂಶದ ಬರಹವಲ್ಲ, ಒಂದು ಸಾಮಗ್ರಿ. ಮಣ್ಣಿನಿಂದ ಕುಂಬಾರ ಮಡಕೆ ಮಾಡಿದಂತೆ ಆ ಅಕ್ಷರಗಳಿಂದ ಒಂದು ಉಪಕರಣ ರೂಪುಗೊಂಡಿದೆ.

ಇದು ಸೃಷ್ಟಿಕರ್ತನ ಸ್ಥಾನವನ್ನು ಕಸಿಯುವುದೇ? ನನಗೆ ಹಾಗೆನಿಸುವುದಿಲ್ಲ. ಆದಿಕಾಂಡದಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಬರೇ ನೋಡುತ್ತ ಕೂರಲಲ್ಲ. ಸಾಗುವಳಿ ಮಾಡಲು ಮತ್ತು ಕಾಯಲು. ಈ ಎರಡು ಕೆಲಸಗಳೂ ಒಟ್ಟಿಗೇ ಬಂದಿವೆ. ನಮ್ಮ ಬೆಳೆಗಾರರೂ ಒಳ್ಳೆಯ ತಾಯಿ ಮರವನ್ನು ಗುರುತಿಸಿ ಅದರ ಕಾಯನ್ನೇ ಬೀಜಕ್ಕೆ ಆರಿಸುತ್ತಾರೆ. ಮುಂದಿನ ತೋಟದಲ್ಲಿ ಯಾವ ಬರಹ ಉಳಿಯಬೇಕೆಂದು ಆರಿಸುವುದೂ ಒಂದು ಬಗೆಯ ಬರವಣಿಗೆಯೇ.

ಆದರೆ ಆ ಕಣದಲ್ಲಿ ನಿಂತಾಗ ಇನ್ನೊಂದು ಮಾತು ನನ್ನನ್ನು ಕಾಡಿತು. 2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿಲ್ಲದೆ ಅಗಿದರೂ ಅಪಾಯವಿದೆ ಎಂದಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆ ಅದು. ಅವರನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಆದರೂ ಸತ್ಯವನ್ನು ಬದಿಗಿಡಲಾಗದು. ಅಡಿಕೆಯನ್ನು ಅಗಿಯುವಾಗ ಹುಟ್ಟುವ ಕೆಲವು ರಾಸಾಯನಿಕಗಳು ಬಾಯಿಯ ಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತವೆ. ಬೀಡಿಯ ಹೊಗೆಯೂ ಹಾಗೆಯೇ. ಅಂದರೆ, ಓದುಗರೇ, ವಿಜ್ಞಾನಿ ಆ ಬರಹವನ್ನು ಮುಟ್ಟಬಹುದೇ ಎಂದು ನಾವು ಕೇಳುವ ಮುನ್ನವೇ ನಾವೆಲ್ಲ ಅದರ ಮೇಲೆ ಗೀಚುತ್ತಲೇ ಬಂದಿದ್ದೇವೆ. ಬೆಳೆಯುವವರು, ಮಾರುವವರು, ಅಗಿಯುವವರು, ಸುಂಕ ಪಡೆಯುವವರು ಎಲ್ಲರೂ ಇದರಲ್ಲಿ ಪಾಲುದಾರರು. ಎಚ್ಚರದಿಂದ ಬರೆಯುವವನನ್ನು ಅನುಮಾನಿಸಿ, ಎಚ್ಚರವಿಲ್ಲದೆ ಗೀಚುವ ನಮ್ಮನ್ನು ನಾವೇ ಕ್ಷಮಿಸಿಕೊಳ್ಳುವುದು ಪ್ರಾಮಾಣಿಕತೆಯಲ್ಲ.

ಆದ್ದರಿಂದ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳೋಣ. ಬರೆಯಬಹುದೇ ಎಂಬುದಕ್ಕಿಂತ, ಬರೆದದ್ದಕ್ಕೆ ಹೊಣೆ ಹೊರುವವರು ಯಾರು ಎಂಬುದು ಮುಖ್ಯ. ಇದರಲ್ಲಿ ಮೂರು ಪರೀಕ್ಷೆಗಳಿವೆ.

ಒಂದು, ಬರೆದುದನ್ನು ಅಳಿಸಲಾದೀತೇ? ರೋಗಿಯ ದೇಹಕೋಶದಲ್ಲಿ ಮಾಡುವ ತಿದ್ದುಪಡಿ ಅವನೊಡನೆ ಮುಗಿಯುತ್ತದೆ; ಸಂತಾನಕ್ಕೆ ಹರಿಯುವ ತಿದ್ದುಪಡಿ ಒಪ್ಪಿಗೆ ಕೊಡಲಾಗದ ಮೊಮ್ಮಕ್ಕಳ ಮೇಲೆ ಬರೆದ ಬರಹ. 2008ರಲ್ಲಿ ವ್ಯಾಟಿಕನ್ ಹೊರಡಿಸಿದ 'ಡಿಗ್ನಿತಾಸ್ ಪೆರ್ಸೋನೆ' ಇದೇ ಗೆರೆಯನ್ನು ಎಳೆದು, ಮೊದಲನೆಯದನ್ನು ಚಿಕಿತ್ಸೆಯಾಗಿ ತಾತ್ವಿಕವಾಗಿ ಒಪ್ಪಿತು. ಎರಡನೆಯದನ್ನು ಈಗಿನ ಸ್ಥಿತಿಯಲ್ಲಿ ಒಪ್ಪಲಿಲ್ಲ.

ಎರಡು, ದುರುಳ ಕೈಗೆ ಸಿಕ್ಕರೆ? ಕೆನಡಾದ ವಿಜ್ಞಾನಿಗಳು ಅಂಚೆಯಲ್ಲಿ ತರಿಸಿದ ಡಿಎನ್‌ಎ ತುಣುಕುಗಳಿಂದ ಕುದುರೆ ಸಿಡುಬಿನ ವೈರಸ್ಸನ್ನು ಮರುರಚಿಸಿದ ವರದಿ 2018ರಲ್ಲಿ ಪ್ರಕಟವಾಯಿತು. ಅವರ ಉದ್ದೇಶ ಉತ್ತಮ ಲಸಿಕೆ. ಆದರೆ ಅದೇ ದಾರಿಯಲ್ಲಿ, 1980ರಲ್ಲಿ ಜಗತ್ತು ಬೀಳ್ಕೊಟ್ಟ ಸಿಡುಬನ್ನೂ ಮರಳಿ ಕರೆಯಬಹುದೆಂಬ ಆತಂಕ ಎದ್ದಿತು.

ಮೂರು, ಫಲ ಯಾರಿಗೆ? ಲೈಸೋಸೋಮ್ ಕಾಯಿಲೆಯ ಮಕ್ಕಳಲ್ಲಿ ಹಲವರಿಗೆ ಜೀವನಪರ್ಯಂತ ಔಷಧ ಬೇಕು. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರದ ನೆರವಿನ ಮಿತಿ 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿತು. ಎಷ್ಟೋ ಮಕ್ಕಳಿಗೆ ಅದು ಬಹುಕಾಲ ಬಾಳದು. ಬಡವನ ಮಗುವಿನ ದೇಹದಿಂದ ಅರಿವು ಪಡೆದು, ಮದ್ದನ್ನು ಮಾತ್ರ ಸಿರಿವಂತನ ಮನೆಗೆ ಕಳುಹಿಸಿದರೆ ಆ ಬರವಣಿಗೆ ಎಷ್ಟೇ ಅಂದವಾಗಿರಲಿ, ಅದರಲ್ಲಿ ಕಳ್ಳತನವಿದೆ.

ಆ ಸಂಜೆ ನಾವಿಬ್ಬರೂ ಕೆರೆಯ ಏರಿಯ ಮೇಲೆ ನಡೆದೆವು. ಕೆರೆ ಕಟ್ಟಿದ ಹಿರಿಯರು ಹರಿವ ನೀರನ್ನು ತಡೆದದ್ದು ದೇವರ ವಿರುದ್ಧ ದಂಗೆಯೆಂದು ಯಾರೂ ಹೇಳುವುದಿಲ್ಲ. ಆದರೆ ಏರಿಯನ್ನಷ್ಟೇ ಎತ್ತರಿಸಿ ಕೋಡಿಯನ್ನು ಮರೆತ ಕೆರೆ ಮೊದಲ ದೊಡ್ಡ ಮಳೆಗೇ ಊರನ್ನು ಮುಳುಗಿಸುತ್ತದೆ. ಶಕ್ತಿಯನ್ನು ಕೂಡಿಡುವವನು ಅದರ ಹೆಚ್ಚುವರಿ ಎಲ್ಲಿ ಹರಿಯಬೇಕೆಂದು ಮೊದಲೇ ಯೋಚಿಸಬೇಕು. "ನಿಮ್ಮ ಮಗಳು ಬರೆಯಲಿ," ಎಂದೆ. "ಆದರೆ ಬರೆಯುವ ಮುನ್ನ ಕೋಡಿ ಎಲ್ಲಿದೆಯೆಂದು ಕೇಳಲಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನೂ ಕೇಳ್ಕೋಬೇಕು ಸಾರ್, ನನ್ನ ಅಡಿಕೆ ಎಲ್ಲಿಗೆ ಹೋಗುತ್ತೆ ಅಂತ," ಎಂದರು.

ಓದುಗರೇ, ಆ ಪ್ರಶ್ನೆಯನ್ನು ನಾವು ವಿಜ್ಞಾನಿಗೂ ಕೇಳೋಣ. ಕೇಳುವ ಅರ್ಹತೆ ನಮಗೆ ಬರುವುದು, ಅದನ್ನು ಮೊದಲು ನಮ್ಮ ಕಣದಲ್ಲೇ ಕೇಳಿಕೊಂಡಾಗ.