ಕೇಳದೆ ಬಂದ ಅಧಿಕಾರ

ಜನ ಹೋರಾಡಿ ಅಧಿಕಾರವನ್ನು ಪಡೆದ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಜನ ಕಣ್ಣೀರಿಟ್ಟು ಬೇಡವೆಂದರೂ ಅವರ ಕೈಗೆ ಅದನ್ನು ಒಪ್ಪಿಸಿ ಹಿಂದೆ ಸರಿದವರ ಕಥೆ ಅಪರೂಪ. ಮುಂಡಗೋಡದ ಟಿಬೆಟನ್ ಕಾಲೊನಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಈ ಎರಡನೆಯ ಬಗೆಯ ಕಥೆಯ ಸುತ್ತಲೇ ಸುಳಿಯುತ್ತದೆ. ಹುಬ್ಬಳ್ಳಿಯಿಂದ ತಡಸ ದಾಟಿ ಬರುವ ಪ್ರವಾಸಿಗರು ಇಲ್ಲಿನ ಹೊಂಬಣ್ಣದ ಶಿಖರಗಳನ್ನೂ ಕೆಂಪು ವಸ್ತ್ರದ ಭಿಕ್ಷುಗಳನ್ನೂ ನೋಡಿ ಸಂಜೆಯೊಳಗೆ ಮರಳುತ್ತಾರೆ. ಗೋವಿನಜೋಳದ ಹೊಲಗಳ ನಡುವಿನ ಈ ಕ್ಯಾಂಪುಗಳಲ್ಲಿ ಅರವತ್ತು ವರ್ಷಗಳಿಂದ ಒಂದು ಸಮುದಾಯ ತನ್ನನ್ನು ತಾನೇ ಆಳಿಕೊಳ್ಳುವ ವಿದ್ಯೆಯನ್ನು ಕಲಿಯುತ್ತ ಬಂದಿದೆ ಎಂಬುದು ಹೊರಗಣ್ಣಿಗೆ ಕಾಣುವಂಥದಲ್ಲ.

1959ರಲ್ಲಿ ದಲೈ ಲಾಮಾ ಹಿಮಾಲಯವನ್ನು ದಾಟಿ ಬಂದಾಗ ಅವರ ಹಿಂದೆ ಬಂದ ಸಹಸ್ರಾರು ಜನರಿಗೆ ನೆಲವಿರಲಿಲ್ಲ, ಈ ಸೆಖೆಯನ್ನು ತಾಳುವ ದೇಹವೂ ಇರಲಿಲ್ಲ. ಅನೇಕರು ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆದು ದಿನ ಕಳೆದರು. ಅಂಥ ಕಾಲದಲ್ಲಿ, 1960ರ ಸೆಪ್ಟೆಂಬರ್ 2ರಂದು, ಅವರ ಮೊದಲ ಜನಪ್ರತಿನಿಧಿಗಳು ಪ್ರಮಾಣವಚನ ಸ್ವೀಕರಿಸಿದರು. ಒಟ್ಟು 13 ಜನ. 1963ರಲ್ಲಿ ಸಂವಿಧಾನದ ಕರಡು ಪ್ರಕಟವಾಯಿತು. ಅಗತ್ಯ ಬಿದ್ದರೆ ಜನಪ್ರತಿನಿಧಿಗಳು ಮೂರನೆಯ ಎರಡರಷ್ಟು ಬಹುಮತದಿಂದ ದಲೈ ಲಾಮಾರ ಅಧಿಕಾರವನ್ನೇ ಹಿಂಪಡೆಯಬಹುದು ಎಂಬ ವಿಧಿ ಅದರಲ್ಲಿತ್ತು. ಜನ ಅದನ್ನು ಓದಿ ನೊಂದರು, ತೆಗೆದುಹಾಕಿ ಎಂದು ಬೇಡಿಕೊಂಡರು. ಅದು ಇರಲೇಬೇಕೆಂದು ಹಟ ಹಿಡಿದವರು ಸ್ವತಃ ದಲೈ ಲಾಮಾ. ಮೂರು ವರ್ಷಗಳ ಬಳಿಕ, 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಮೈಸೂರು ರಾಜ್ಯ ಕೊಟ್ಟ ಕಾಡುನೆಲದಲ್ಲಿ ಮುಂಡಗೋಡದ ನೆಲೆ ಆರಂಭವಾಯಿತು. ಲಾಸಾದ ಸಮೀಪದ ಗಂದೆನ್ ಮತ್ತು ದ್ರೆಪುಂಗ್ ಮಹಾಮಠಗಳ ಅಳಿದುಳಿದ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಿಂದ ಬಂದು ಇಲ್ಲಿ ಮರ ಕಡಿದು, ಉತ್ತು, ಬಿತ್ತಿ, ಆಮೇಲೆ ಗ್ರಂಥ ಬಿಚ್ಚಿದರು. ಇದ್ದುದೆಲ್ಲ ಕಳೆದುಹೋದವರಿಗೆ ಅಳಿಯದೆ ಉಳಿದಿದ್ದವರು ದಲೈ ಲಾಮಾ ಒಬ್ಬರೇ. ಅವರ ಮೇಲಿನ ಅಧಿಕಾರವೂ ನಿಮ್ಮದೇ ಎಂದು ಹೇಳಿಸಿಕೊಳ್ಳುವುದು ಆ ಜನರಿಗೆ ಎಷ್ಟು ಕಠಿಣವಾಗಿದ್ದಿರಬೇಕು ಎಂದು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ.

ಆ ಮಾತು ಪೂರ್ಣವಾಗಿ ಕಾರ್ಯರೂಪಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು. 1991ರಲ್ಲಿ ದೇಶಾಂತರದ ಟಿಬೆಟನ್ನರಿಗೊಂದು ಶಾಸನಪತ್ರವಾಯಿತು. 2001ರಲ್ಲಿ ತಮ್ಮ ದೇಶಾಂತರ ಆಡಳಿತದ ಮುಖ್ಯಸ್ಥನನ್ನು ಜನರೇ ನೇರವಾಗಿ ಆರಿಸಿದರು. 2011ರ ಮಾರ್ಚ್ 10ರಂದು ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನೆಲ್ಲ ಚುನಾಯಿತ ನಾಯಕನಿಗೆ ಒಪ್ಪಿಸುವುದಾಗಿ ಘೋಷಿಸಿದಾಗ, ಮರುವಿಚಾರ ಮಾಡಬೇಕೆಂದು ಸಂಸತ್ತೇ ಅವರನ್ನು ಪ್ರಾರ್ಥಿಸಿತು. ಅವರು ಒಪ್ಪಲಿಲ್ಲ. 1642ರಲ್ಲಿ ಐದನೆಯ ದಲೈ ಲಾಮಾರಿಂದ ಆರಂಭವಾಗಿದ್ದ ರಾಜ್ಯಾಧಿಕಾರ ಅಲ್ಲಿಗೆ ಮುಗಿಯಿತು. ಯುದ್ಧ ಗೆದ್ದ ಜಾರ್ಜ್ ವಾಷಿಂಗ್ಟನ್ 1783ರ ಡಿಸೆಂಬರ್‌ನಲ್ಲಿ ಅನಾಪೊಲಿಸ್ ನಗರದ ಸಭೆಗೆ ಬಂದು ತನ್ನ ಸೇನಾಧಿಪತ್ಯವನ್ನು ಹಿಂದಿರುಗಿಸಿದ ದಿನ ನನಗೆ ಇಲ್ಲಿ ನೆನಪಾಗುತ್ತದೆ. ಅಂದು ಸಭೆಯಲ್ಲಿದ್ದವರು ಅತ್ತರೆಂದು ಪ್ರತ್ಯಕ್ಷ ಕಂಡವರು ಬರೆದಿಟ್ಟಿದ್ದಾರೆ. ಹೊಸ ಅಮೆರಿಕಕ್ಕೆ ವಾಷಿಂಗ್ಟನ್ ಒಬ್ಬ ಪೂಜ್ಯ ಮನುಷ್ಯ. ಟಿಬೆಟನ್ನರಿಗೆ ದಲೈ ಲಾಮಾ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನೇ. ಆ ಸಭೆಯ ದುಃಖದ ಅಳತೆಯಿಂದ ಈ ಕ್ಯಾಂಪುಗಳ ದುಃಖವನ್ನು ಅಳೆಯಲಾಗದು. ಸ್ವಾತಂತ್ರ್ಯದ ಒಂದು ಭಾಗ ಇವರ ಬಾಗಿಲಿಗೆ ವಿಯೋಗದ ರೂಪದಲ್ಲಿ ಬಂದಿತು. ಅದನ್ನು ಸಂಭ್ರಮದಿಂದ ಎದುರುಗೊಳ್ಳಲು ಅವರಿಗೆ ಆಗದಿದ್ದುದರಲ್ಲಿ ನನಗೇನೂ ದೋಷ ಕಾಣದು.

ಅವರ ಚುನಾವಣೆಯ ಮೊದಲ ಸುತ್ತಿನ ಮತಪತ್ರವನ್ನು ಗಮನಿಸಬೇಕು. ಅದರಲ್ಲಿ ಅಚ್ಚಾದ ಹೆಸರುಗಳಿಲ್ಲ, ಚಿಹ್ನೆಗಳಿಲ್ಲ, ಖಾಲಿ ಗೆರೆಗಳಿವೆ. ದೇಶಾಂತರ ಆಡಳಿತ ಕೊಡುವ ಗುರುತಿನ ಹಸಿರು ಪುಸ್ತಕವನ್ನು ತೋರಿಸಿ ಒಳಬಂದ ಮತದಾರ, ಯೋಗ್ಯರೆಂದು ತನಗೆ ತೋರಿದವರ ಹೆಸರನ್ನು ತಾನೇ ಬರೆಯಬೇಕು. ಜೀವನವಿಡೀ ಆಯ್ಕೆಯೆಂಬುದನ್ನೇ ಅರಿಯದೆ ಒಂದೇ ಪಾದಕ್ಕೆ ತಲೆಬಾಗಿದ ಒಂದು ಮುದಿ ಜೀವ ಆ ಖಾಲಿ ಗೆರೆಯ ಮುಂದೆ ಎಷ್ಟು ಹೊತ್ತು ಕುಳಿತಿದ್ದೀತು? ಜಪಮಾಲೆಯನ್ನು ಎಡಗೈಗೆ ಸುತ್ತಿಕೊಂಡು, ಬಲಗೈಯಲ್ಲಿ ಲೇಖನಿ ಹಿಡಿದು, ಮನಸ್ಸಿಗೆ ಮೊದಲು ಬಂದ ಹೆಸರನ್ನು ಬದಿಗಿರಿಸಿ ಎರಡನೆಯದೊಂದನ್ನು ಹುಡುಕುವ ಆ ಗಳಿಗೆಯಲ್ಲಿ ನಡೆಯುವುದು ದೊಡ್ಡ ಪರಿವರ್ತನೆಯೆಂದೇ ನಾನು ನಂಬಿದ್ದೇನೆ. ಹಳೆಯದು ಪೂರ್ತಿ ಹೋಗಿಲ್ಲ, ನಿಜ. ಮಠವಾಸಿಗಳಿಗೆ ಈಗಲೂ ಎರಡು ಮತಗಳಿವೆ. ಪ್ರಾಂತದ ಪ್ರತಿನಿಧಿಗೊಂದು, ಸಂಪ್ರದಾಯದ ಪ್ರತಿನಿಧಿಗೊಂದು. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಆದರೆ ಸ್ವಂತ ಆಸ್ತಿಯುಳ್ಳ ಬಿಳಿಯ ಗಂಡಸರಿಗೆ ಬಹುಮಟ್ಟಿಗೆ ಮೀಸಲಾಗಿದ್ದ ಅಮೆರಿಕದ ಮೊದಮೊದಲ ಮತದಾನವನ್ನೂ, ಅಲ್ಲಿ ನ್ಯೂ ಜೆರ್ಸಿಯ ಕೆಲವು ಹೆಂಗಸರಿಗಿದ್ದ ಹಕ್ಕನ್ನೂ 1807ರಲ್ಲಿ ಕಿತ್ತುಕೊಂಡುದನ್ನೂ ನೆನೆದರೆ, ಯಾವ ಗಣರಾಜ್ಯವೂ ತನ್ನ ಬಾಲ್ಯದಲ್ಲಿ ಪೂರ್ಣ ನ್ಯಾಯವಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ಅದೇ ಅಮೆರಿಕದ ನೆರಳಿನಲ್ಲಿ ಇನ್ನೊಂದು ಸಂವಿಧಾನವೂ ಹುಟ್ಟಿತ್ತು. ಚೆರೋಕಿ ಮೂಲನಿವಾಸಿಗಳು 1827ರಲ್ಲಿ ನ್ಯೂ ಎಕೋಟದಲ್ಲಿ ತಮ್ಮ ಸಂವಿಧಾನವನ್ನು ಬರೆದುಕೊಂಡರು, ಮರುವರ್ಷ ತಮ್ಮದೇ ಲಿಪಿಯಲ್ಲಿ ಪತ್ರಿಕೆ ಹೊರಡಿಸಿದರು. ನೆರೆಯವರಂತೆ ನಾವೂ ಸುವ್ಯವಸ್ಥಿತ ರಾಷ್ಟ್ರವೆಂದು ತೋರಿಸಿದರೆ ನೆಲ ಉಳಿದೀತು ಎಂಬ ಆಸೆ ಅವರದು. ನೆಲ ಉಳಿಯಲಿಲ್ಲ. 1838ರಲ್ಲಿ ಸೈನಿಕರು ಅವರನ್ನು ಮನೆಗಳಿಂದ ಹೊರಡಿಸಿ ಪಶ್ಚಿಮಕ್ಕೆ ಅಟ್ಟಿದರು. ಸಾವಿರಾರು ಜನ ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತರು. ಅವರು ಸಂವಿಧಾನ ಬರೆದ ಮೇಲೆ ನೆಲ ಕಳೆದುಕೊಂಡರು, ಟಿಬೆಟನ್ನರು ನೆಲ ಕಳೆದುಕೊಂಡ ಮೇಲೆ ಬರೆದರು. ಸಂವಿಧಾನವೊಂದು ತನ್ನ ಜನರನ್ನು ಕಾಯುತ್ತದೆಯೇ, ಅಥವಾ ಅವರು ಏನಾಗಿದ್ದರು ಎಂಬುದನ್ನು ಮಾತ್ರ ಕಾಯ್ದಿರಿಸುತ್ತದೆಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಟಿಬೆಟನ್ನರ ಈ ಕಲಿಕೆಯಲ್ಲಿ ಜಗಳವೂ ಸೇರಿದೆ. 2021ರಲ್ಲಿ ಪ್ರಮಾಣವಚನದ ವಿಧಾನದ ಬಗ್ಗೆಯೇ ವಿವಾದ ಹುಟ್ಟಿ, ಹೊಸ ಸಂಸತ್ತಿಗೆ ಅಕ್ಟೋಬರ್‌ವರೆಗೆ ಕೆಲಸ ಆರಂಭಿಸಲಾಗಲಿಲ್ಲ. ಹಿರಿಯರನೇಕರು ಇದನ್ನು ಅಪಮಾನವೆಂದು ಬಗೆದಿರಬಹುದು. ಆದರೆ 1801ರಲ್ಲಿ ಅಧ್ಯಕ್ಷಸ್ಥಾನಕ್ಕೆ ಜೆಫರ್‌ಸನ್ ಮತ್ತು ಬರ್ ಸಮಾನ ಮತ ಪಡೆದಾಗ, ಒಬ್ಬನನ್ನು ಆರಿಸಲು ಅಮೆರಿಕದ ಪ್ರತಿನಿಧಿಗಳು 36 ಬಾರಿ ಮತ ಹಾಕಬೇಕಾಯಿತು. ಮೇಲಿನವರ ಒಂದು ಮಾತಿನಿಂದ ತೀರುತ್ತಿದ್ದ ವ್ಯಾಜ್ಯವನ್ನು ತಮ್ಮೊಳಗೇ ತೀರಿಸಿಕೊಳ್ಳುವ ಈ ಬೇಸರದ ತಿಂಗಳುಗಳು ನನಗೆ ಕ್ಷುಲ್ಲಕವಾಗಿ ತೋರುವುದಿಲ್ಲ. ನನ್ನನ್ನು ಕಳವಳಗೊಳಿಸುವುದು ಬೇರೆ. ಹೊಲದ ಮೊದಲ ತಲೆಮಾರು ಮುಗಿಯುತ್ತ ಬಂದಿದೆ. ಯುವಕರು ಬೆಂಗಳೂರಿಗೆ, ಟೊರಾಂಟೊಗೆ, ನ್ಯೂಯಾರ್ಕಿಗೆ ಹೋಗುತ್ತಿದ್ದಾರೆ. ಮತದಾನದ ಹಕ್ಕನ್ನು ಅವರು ಜೊತೆಗೆ ಒಯ್ಯಬಲ್ಲರು, ಅಲ್ಲಿಯೂ ಮತಗಟ್ಟೆಗಳಿವೆ. ಕ್ಯಾಂಪಿನ ಅಂಗಳದಲ್ಲಿ ನೆರೆದು ಪರಸ್ಪರ ಮುಖ ನೋಡುತ್ತ ವಾದಿಸುವ ಅಭ್ಯಾಸವನ್ನು ಒಯ್ಯುವುದು ಅಷ್ಟು ಸುಲಭವಲ್ಲ. ಅದು ಎಂದು, ಯಾರ ಮನೆಯಲ್ಲಿ ನಿಂತಿತು ಎಂದು ಯಾರೂ ಗುರುತಿಡಲಾರರು.

ಹಾಗೆಂದು ಎಲ್ಲವೂ ಸವೆಯುತ್ತಿದೆ ಎಂದರೆ ತಪ್ಪಾದೀತು. ಇಲ್ಲಿನ ಜಾಂಗ್ಚುಬ್ ಚೋಲಿಂಗ್ ಭಿಕ್ಷುಣಿಯರ ಮಠದಲ್ಲಿ ಹೆಂಗಸರು ತರ್ಕ ಕಲಿಯುತ್ತಾರೆ. ಕುಳಿತವಳು ಉತ್ತರಿಸಬೇಕು, ನಿಂತವಳು ಪ್ರಶ್ನೆ ಎಸೆದು, ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ತಟ್ಟುತ್ತಾಳೆ. ಶಾಸ್ತ್ರದ ಅತ್ಯುಚ್ಚ ಪದವಿ ಗೆಶೆ. ಸಂಘದ ನಿಯಮವನ್ನು ಮುಂದಿಟ್ಟು ಅದನ್ನು ಸ್ತ್ರೀಯರಿಗೆ ಶತಮಾನಗಳ ಕಾಲ ನಿರಾಕರಿಸಲಾಗಿತ್ತು. 2012ರಲ್ಲಿ ಅನುಮತಿ ದೊರೆಯಿತು. ಹದಿನೇಳು ವರ್ಷಗಳಷ್ಟು ದೀರ್ಘ ವ್ಯಾಸಂಗ, ಅದರ ಮೇಲೆ ನಾಲ್ಕು ವರ್ಷಗಳ ಪರೀಕ್ಷೆ. 2016ರ ಡಿಸೆಂಬರ್‌ನಲ್ಲಿ ಮುಂಡಗೋಡದ ದ್ರೆಪುಂಗ್ ಮಠದಲ್ಲಿ, ಆ ಮಠ ಸ್ಥಾಪನೆಯಾಗಿ ಆರು ನೂರು ವರ್ಷ ತುಂಬಿದ ಉತ್ಸವದ ದಿನಗಳಲ್ಲಿ, 20 ಭಿಕ್ಷುಣಿಯರು ದಲೈ ಲಾಮಾರ ಕೈಯಿಂದ ಗೆಶೆಮಾ, ಅಂದರೆ ಸ್ತ್ರೀಯರ ಗೆಶೆ, ಪದವಿ ಪಡೆದರು. ಈಗ ಅವರಲ್ಲಿ ಕೆಲವರು ಕಿರಿಯ ಭಿಕ್ಷುಣಿಯರಿಗೆ ಪಾಠ ಹೇಳುತ್ತಿದ್ದಾರೆ.