ಒಂಟಿ ಸುತ್ತಿನ ಹೂ

ಊಟಿಯಿಂದ ಬರುವಾಗ ತಂದಿದ್ದ ಸ್ಟಾಕ್ ಹೂವಿನ ಬೀಜವನ್ನು ದೀಪಾವಳಿ ಹೊತ್ತಿಗೆ ಗುಂಡ್ಲುಪೇಟೆಯ ನಮ್ಮ ಹಿತ್ತಲಲ್ಲಿ ಒಟ್ಟಲು ಹಾಕಿದ್ದೆ. ಇದು ತಂಪು ಬೇಡುವ ಗಿಡ. ಬಿಸಿಲು ಬಲಿತರೆ ಹೂ ಬಿಡಲು ಹಿಂದೆಗೆಯುತ್ತದೆ, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಎಲೆಕೋಸು, ಸಾಸಿವೆಯ ಕುಲದ್ದಾದ್ದರಿಂದ ಕೋಸಿನ ಹೊಲದ ಹುಳುಗಳೂ ನೆಂಟಸ್ತಿಕೆ ಹುಡುಕಿಕೊಂಡು ಬರುತ್ತವೆ. ಹಳೇ ತಿಪ್ಪೆಗೊಬ್ಬರ ಬೆರೆಸಿ, ಮಣ್ಣು ಏರಿಸಿ, ಬೆಳಗಿನ ಹೊತ್ತು ಬುಡಕ್ಕಷ್ಟೇ ನೀರು ಹಾಕುತ್ತಾ ಬಂದೆ.

ಸಂಕ್ರಾಂತಿ ಕಳೆದ ಮೇಲೆ ಹೂ ಬಂತು. ಹಿತ್ತಲ ಬಾಗಿಲು ತೆಗೆದರೆ ಲವಂಗ ಜಜ್ಜಿದ ಹಾಗೆ ಘಮ. ಆದರೆ ಒಂದೇ ಪೊಟ್ಟಣದ ಬೀಜದಲ್ಲಿ ಎರಡು ಬಗೆ. ಅರ್ಧದಷ್ಟು ಗಿಡಗಳಲ್ಲಿ ಏಳು ಸುತ್ತಿನ ಮಲ್ಲಿಗೆಯಂತೆ ಒತ್ತೊತ್ತಾಗಿ ದಳ ತುಂಬಿದ ಸುತ್ತು ಹೂ. ಉಳಿದವುಗಳಲ್ಲಿ ನಾಲ್ಕೇ ದಳದ, ಒಂಟಿ ಸುತ್ತಿನ ಹೂ. ಸಾಲಿನ ಅಂದ ಕೆಡುತ್ತದೆಂದು ಒಂಟಿ ಸುತ್ತಿನವನ್ನು ಕೀಳಲು ಕೂತೆ.

ಬೇಲಿಯಾಚೆಯ ಅಜ್ಜಿ ತಡೆದರು. "ಯಾಕಪ್ಪ ಕೀಳ್ತಿದ್ದೀಯೆ? ಸುಗಂಧರಾಜದಲ್ಲಿ ಒಂಟಿ ಸುತ್ತಿಂದೇ ಕಣಪ್ಪ ಗಮ್ಮನ್ನೋದು. ಬುಡು, ಇರ್ಲಿ."

ಅವರು ಸುಗಂಧರಾಜ ಬೆಳೆದವರು. ಬೆಳಕು ಹರಿಯುವ ಮುಂಚೆ ಮೊಗ್ಗು ಬಿಡಿಸಿ ಚಾಮರಾಜನಗರದ ಚೆನ್ನೀಪುರದಮೋಳೆಯ ಹೂವಿನ ಮಾರುಕಟ್ಟೆಗೆ ಕಳಿಸಿದ ಕೈ ಅದು. ಅಲ್ಲಿ ಕೆ.ಜಿ. ಲೆಕ್ಕದಲ್ಲಿ ತೂಗಿ, ಹಾರಕ್ಕೆ ಹೋಗುವುದು ಒಂಟಿ ಸುತ್ತಿನ ಬಿಡಿ ಹೂ. ಸುತ್ತು ಹೂವನ್ನು ದಂಟಿನ ಸಮೇತ ಕೊಯ್ದು ಹೂದಾನಿಗೆ ಇಡುತ್ತಾರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎರಡು ಬಗೆಯಲ್ಲೂ ತಳಿ ಕೊಟ್ಟಿದೆ: ಒಂಟಿ ಸುತ್ತಿನ ಪ್ರಜ್ವಲ್, ಶೃಂಗಾರ್, ಸುತ್ತು ಹೂವಿನ ಸುವಾಸಿನಿ, ವೈಭವ್. ಕಣ್ಣಿಗೊಂದು, ಮೂಗಿಗೊಂದು.

ಅಜ್ಜಿಯ ಮಾತು ಕೇಳಿ ಕೀಳುವುದನ್ನು ಬಿಟ್ಟೆ. ಅವರು ಹೇಳಿದ್ದು ಸುಗಂಧರಾಜದ ಕಾರಣ. ಸ್ಟಾಕ್ ಗಿಡದ ಕಾರಣ ಇನ್ನೂ ದೊಡ್ಡದು. ಇದರ ಸುತ್ತು ಹೂ ಬೀಜ ಕಟ್ಟುವುದೇ ಇಲ್ಲ. ಕೇಸರ, ಅಂಡಾಶಯ ಇರಬೇಕಾದ ಜಾಗದಲ್ಲೂ ದಳಗಳೇ ತುಂಬಿಕೊಂಡಿರುತ್ತವೆ. ಬೀಜವೆಲ್ಲ ಒಂಟಿ ಸುತ್ತಿನ ಗಿಡದ್ದೇ. ಆ ಬೀಜದಿಂದಲೇ ಮುಂದಿನ ವರ್ಷದ ಸುತ್ತು ಹೂವೂ ಹುಟ್ಟಬೇಕು. ಕೆಲವು ತಳಿಗಳಲ್ಲಿ ಎಳೆ ಸಸಿ ತಂಪಿನಲ್ಲಿದ್ದಾಗ ಬಣ್ಣ ನೋಡಿಯೇ ಗುರುತಿಸಬಹುದು. ತಿಳಿಹಸಿರಾದರೆ ಸುತ್ತು, ಕಡುಹಸಿರಾದರೆ ಒಂಟಿ. ಮಾರುವುದಕ್ಕೆ ಬೆಳೆಯುವವರು ಕಡುಹಸಿರನ್ನು ಕಿತ್ತೆಸೆಯುತ್ತಾರೆ. ಬೀಜ ಮಾಡುವವರು ಅದನ್ನೇ ಕಾಪಾಡುತ್ತಾರೆ.

ನಮ್ಮ ಸೀಮೆಯ ಎಷ್ಟೋ ಮನೆಗಳೂ ಹೀಗೇ. ಒಬ್ಬ ತಮ್ಮ ಓದಿ, ಮೈಸೂರೋ ಬೆಂಗಳೂರೋ ಸೇರಿ, ಊರ ಹಬ್ಬಕ್ಕೆ ಬಂದಾಗ ಎಲ್ಲರ ಕಣ್ಣಿಗೆ ತುಂಬುತ್ತಾನೆ. ಅವನ ಫೀಸಿಗೆಂದು ಅರಿಶಿನ ಮಾರಿದ ಅಣ್ಣ ಪಂಪ್‌ಸೆಟ್ಟಿಗೆ ಕರೆಂಟು ಬರುವ ಹೊತ್ತು ಕಾಯುತ್ತಾ ಹೊಲದಲ್ಲಿರುತ್ತಾನೆ. ತಮ್ಮನದೇನೂ ತಪ್ಪಿಲ್ಲ, ಇಬ್ಬರೂ ಒಂದೇ ಕಾಯಿಯ ಬೀಜ. ಆದರೆ ಸಾಲಿನ ಅಂದಕ್ಕೆಂದು ಯಾರನ್ನು ಕೀಳಲು ಕೂರುತ್ತೇವೆ ಎಂಬುದರ ಮೇಲೆ ಮುಂದಿನ ಬಿತ್ತನೆ ನಿಂತಿದೆ.

ಬೇಸಿಗೆ ಹತ್ತಿರವಾದಂತೆ ಸುತ್ತು ಹೂಗಳು ಬಾಡಿ ಉದುರಿದವು. ಒಂಟಿ ಸುತ್ತಿನ ಗಿಡಗಳಲ್ಲಿ ಸಾಸಿವೆಯದರಂಥ ಉದ್ದನೆಯ ಕಾಯಿ ಒಣಗಿ ನಿಂತವು. ಬಿಡಿಸಿದರೆ ಒಳಗೆ ಚಪ್ಪಟೆ ಬೀಜ, ಸುತ್ತ ತೆಳ್ಳನೆಯ ಬಿಳಿ ಅಂಚು. ಒಂದು ಚಿಟಿಕೆ ಬೇಲಿಯಾಚೆಗೂ ಕೊಟ್ಟೆ.

"ಸುತ್ತು ಹೂಂದಾ, ಒಂಟೀದಾ?" ಅಜ್ಜಿ ಕೇಳಿದರು.

"ಎರಡೂ ಇದರೊಳಗೇ ಇದೆ ಅಜ್ಜಿ" ಎಂದೆ.